ಪರ್ವತದಲ್ಲಿ ಬೆಂಕಿ, ಬಚ್ಚಲಲ್ಲಿ ಹೊಗೆ

ನಮ್ಮ ತರ್ಕಶಾಸ್ತ್ರದ ಮೊದಲ ಪಾಠದಲ್ಲಿಯೇ ಒಂದು ಬೆಟ್ಟವಿದೆ, ಬೆಟ್ಟದ ಮೇಲೆ ಹೊಗೆಯಿದೆ, ಹೊಗೆ ಕಂಡದ್ದರಿಂದ ಅಲ್ಲಿ ಬೆಂಕಿಯೂ ಇರಲೇಬೇಕೆಂದು ಶಿಷ್ಯನು ಊಹಿಸಬೇಕಾಗುತ್ತದೆ. ಹೊಗೆಯಿದ್ದೆಡೆ ಬೆಂಕಿಯಿರುತ್ತದೆ ಎಂಬುದಕ್ಕೆ ಅಡುಗೆಮನೆಯನ್ನೂ, ಬೆಂಕಿಯಿಲ್ಲದೆಡೆ ಹೊಗೆಯೂ ಇರದು ಎಂಬುದಕ್ಕೆ ನೀರು ತುಂಬಿದ ಮಡುವನ್ನೂ ದೃಷ್ಟಾಂತವಾಗಿ ಕೊಡುವುದು ವಾಡಿಕೆ. ಆ ನೈಯಾಯಿಕರಾರೂ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬಾಳಿದವರಲ್ಲ. ನಮ್ಮ ಮೂರನೆಯ ಮಹಡಿಯ ಬಚ್ಚಲುಮನೆಯಲ್ಲಿ ಬಕೆಟ್ಟು ತುಂಬ ನೀರಿದೆ, ಬೆಂಕಿಯ ಸುಳಿವೇ ಇಲ್ಲ, ಬಿಸಿನೀರು ಕೂಡ ಸೋಲಾರಿನದು. ಆದರೂ ಬೆಳಗ್ಗೆ ಆರೂವರೆಗೆ, ಮಧ್ಯಾಹ್ನದ ಊಟವಾದ ಮೇಲೆ, ರಾತ್ರಿ ಹನ್ನೊಂದಕ್ಕೆ, ತ್ರಿಕಾಲ ಪೂಜೆಯ ಶಿಸ್ತಿನಲ್ಲಿ ಅಲ್ಲಿ ಸಿಗರೇಟಿನ ಹೊಗೆ ತುಂಬುತ್ತದೆ.

ಈ ಪವಾಡಕ್ಕೆ ಡಕ್ಟು ಎಂದು ಹೆಸರು. ಒಂದರ ಮೇಲೊಂದಿರುವ ಬಚ್ಚಲುಗಳ ಪೈಪುಗಳನ್ನು ಇಳಿಬಿಡಲು ನೆಲದಿಂದ ಟೆರೇಸಿನವರೆಗೆ ಬಿಟ್ಟಿರುವ, ಬಾವಿಯನ್ನು ಹೋಲುವ ಈ ಸಂದಿಗೆ ಎರಡನೆಯ ಮಹಡಿಯ ಎಕ್ಸಾಸ್ಟ್ ಫ್ಯಾನು ತನ್ನ ಹೊಗೆಯನ್ನು ದಬ್ಬುತ್ತದೆ. ಬೆಚ್ಚಗಿನ ಗಾಳಿ ಹಗುರವಾದ್ದರಿಂದ ಮೇಲೇರುತ್ತದೆ. ಸಾರಿಗೆ ಒಗ್ಗರಣೆ ಹಾಕಲೆಂದು ನಾವು ಅಡುಗೆಮನೆಯ ಚಿಮಣಿಯನ್ನು ಚಾಲೂ ಮಾಡಿದೊಡನೆ ಮನೆಯೊಳಗಿನ ಗಾಳಿ ಹೊರಹೋಗಿ, ಆ ಕೊರತೆಯನ್ನು ತುಂಬಲು ಡಕ್ಟಿನ ಗಾಳಿ ನಮ್ಮ ವೆಂಟಿಲೇಟರಿನಿಂದ ಒಳನುಗ್ಗುತ್ತದೆ. ಅಂದರೆ ಹೊಗೆಯನ್ನು ಆಹ್ವಾನಿಸುವವರು ನಾವೇ. ಅದಲ್ಲದೆ ಫ್ಲಾಟು ಕೊಳ್ಳುವಾಗ ಸೂಪರ್ ಬಿಲ್ಟ್‌ಅಪ್ ಲೆಕ್ಕದಲ್ಲಿ ಮೆಟ್ಟಿಲು, ಲಿಫ್ಟುಗಳ ಜೊತೆಗೆ ಡಕ್ಟಿನಲ್ಲೂ ನಮ್ಮ ಪಾಲಿಗೆ ಹಣ ತೆತ್ತಿದ್ದೇವೆ; ಪಾಲು ಮನೆಗೇ ಬಂದು ಸೇರುವಾಗ ಗೊಣಗುವುದು ನ್ಯಾಯವಲ್ಲ.

ಕೆಳಗಿನವರು ಸಜ್ಜನರು. ಕೇಳಲು ಹೋದಾಗ ಕಾಫಿ ಕೊಟ್ಟರು. "ಮನೆಯಲ್ಲಿ ಮೊಮ್ಮಗು ಇದೆ ನೋಡಿ ಸಾರ್, ಅದಕ್ಕೇ ಹಾಲ್‌ನಲ್ಲಿ ಸೇದುವುದಿಲ್ಲ, ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಫ್ಯಾನು ಹಾಕಿಯೇ ಸೇದುತ್ತೇನೆ" ಎಂದರು. ಆ ಮನೆಯಷ್ಟು ನಿರ್ಮಲವಾದ ಗಾಳಿ ಇಡೀ ಬ್ಲಾಕಿನಲ್ಲಿಲ್ಲ ಎಂಬುದನ್ನು ಮೂಗಿನ ಸಾಕ್ಷಿಯಾಗಿ ಹೇಳಬಲ್ಲೆ. ನಮ್ಮ ತಾಯಿಯವರಿಗೆ ದಮ್ಮಿನ ಕಾಯಿಲೆ, ಕೆಳಗಿನವರಿಗೆ ದಮ್ಮು ಹೊಡೆಯುವ ಅಭ್ಯಾಸ. ಕನ್ನಡದ ಒಂದೇ ಶಬ್ದ ಎರಡು ಮಹಡಿಗಳನ್ನು ಹೀಗೆ ಬೆಸೆದಿರುವಾಗ ಜಗಳಕ್ಕೆ ಬಾಯಿ ಬರಲಿಲ್ಲ.

ಕಾನೂನು ಇಲ್ಲವೆಂದಲ್ಲ. 2003ರ ತಂಬಾಕು ಕಾಯ್ದೆಯ 4ನೆಯ ಸೆಕ್ಷನ್ನು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿದೆ. ಅದರ ನಿಯಮಗಳು 2008ರ ಗಾಂಧಿ ಜಯಂತಿಯಂದು ಜಾರಿಗೆ ಬಂದವು. 200 ರೂಪಾಯಿವರೆಗೆ ಇದ್ದ ದಂಡವನ್ನು ಕರ್ನಾಟಕವು ತನ್ನ ತಿದ್ದುಪಡಿಯಿಂದ 2025ರಲ್ಲಿ 1,000 ರೂಪಾಯಿವರೆಗೆ ಏರಿಸಿತು. ಸಿಗರೇಟು ವಿಧೇಯವಾದದ್ದು. ಕಾನೂನಿಗೆ ತಲೆಬಾಗಿ ಆಸ್ಪತ್ರೆ, ಗ್ರಂಥಾಲಯ, ಕಚೇರಿಗಳಿಂದ ಮನೆಗೆ ಬಂತು, ಮನೆಯಾಕೆಗೆ ತಲೆಬಾಗಿ ಬಚ್ಚಲಿಗೆ ಹೋಯಿತು, ಮುಂದಿನ ದಾರಿಯನ್ನು ಫ್ಯಾನು ತೋರಿಸಿತು. ಸೇದುವವನು ಎಲ್ಲಿ ನಿಂತಿದ್ದಾನೆ ಎಂದು ಕಾಯ್ದೆ ಕೇಳುತ್ತದೆಯೇ ಹೊರತು ಹೊಗೆ ಎಲ್ಲಿಗೆ ಹೊರಟಿದೆ ಎಂದು ಕೇಳುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 280ನೆಯ ಸೆಕ್ಷನ್ನು ನೆರೆಹೊರೆಯ ಗಾಳಿಯನ್ನು ಕೆಡಿಸುವವರಿಗೆ 1,000 ರೂಪಾಯಿವರೆಗೆ ದಂಡ ಹೇಳುತ್ತದೆ ಎಂದು ಓದಿಕೊಂಡು ಠಾಣೆಗೆ ಹೋದರೆ, ಅದು ಸಾಮಾನ್ಯವಾಗಿ ಜನರ ಆರೋಗ್ಯಕ್ಕೆ ಕುತ್ತು ತರುವಂತಿರಬೇಕು, ನೀವು ಮನೆಯಲ್ಲಿ ಎಷ್ಟು ಜನ ಎಂದು ವಿಚಾರಿಸಿದರು. ನಾಲ್ವರು ಎಂದೆ. ಜನರೆನಿಸಿಕೊಳ್ಳಲು ನಾವು ಸಾಲಲಿಲ್ಲ.

ಉಳಿದದ್ದು ನಿವಾಸಿಗಳ ಸಂಘ. ಬಾಲ್ಕನಿಯಲ್ಲಿ ಸೀರೆ ಒಣಹಾಕಿದರೆ ಕಟ್ಟಡದ ಅಂದ ಕೆಡುತ್ತದೆಂದು 500 ರೂಪಾಯಿ ದಂಡ ಹಾಕುವ, ಬ್ರಹ್ಮಚಾರಿ ಬಾಡಿಗೆದಾರರ ಮನೆಗೆ ರಾತ್ರಿ ಯಾರು ಬಂದರೆಂದು ಗೇಟಿನಲ್ಲಿ ಬರೆಸಿಡುವ ಸಂಘದ ಕಾರ್ಯದರ್ಶಿಗಳು ನನ್ನ ದೂರನ್ನು ಓದಿ, ಒಬ್ಬರ ಮನೆಯೊಳಗಿನ ವಿಷಯದಲ್ಲಿ ತಲೆಹಾಕುವುದು ಸಂಘದ ಸಂಸ್ಕೃತಿಯಲ್ಲ ಎಂದರು. ನಮ್ಮ ಒದ್ದೆ ಸೀರೆ ಸಾರ್ವಜನಿಕ, ಅವರ ಹೊಗೆ ಖಾಸಗಿ. ಆದರೂ ಪತ್ರ ಕೊಟ್ಟ ಮೇಲೆ ಏನಾದರೂ ಮಾಡಬೇಕಲ್ಲ. ತಂಬಾಕು ಕಾಯ್ದೆಯ ನಿಯಮದಲ್ಲಿ ಹೇಳಿರುವಂತೆಯೇ 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ, ಧೂಮಪಾನ ನಿಷೇಧದ ಬಿಳಿಯ ಫಲಕವನ್ನು ಬರೆಸಿ, ಇದುವರೆಗೆ ಯಾರೂ ಸೇದಿರದ ಲಿಫ್ಟಿನ ಎದುರು ತೂಗುಹಾಕಿದರು. ಮೂವರ ಪರಿಶೀಲನಾ ಸಮಿತಿಯೂ ರಚನೆಯಾಯಿತು. ಅಲ್ಲಿಯವರೆಗೆ ವಾಸನೆ ತಡೆಯಲು ಬಚ್ಚಲಲ್ಲಿ ಊದುಬತ್ತಿ ಹಚ್ಚಿಡಿರೆಂದು ಕಾರ್ಯದರ್ಶಿಗಳೇ ವಾಟ್ಸಾಪಿನಲ್ಲಿ ಸಲಹೆಯಿತ್ತರು. ಹೊಗೆಗೆ ಹೊಗೆಯೇ ಮದ್ದೆಂಬ ಈ ಚಿಕಿತ್ಸೆಗೆ ಹನ್ನೊಂದು ಮಂದಿ ಹೆಬ್ಬೆರಳೆತ್ತಿದರು.

ಎರಡು ದಿನ ಮುಂಚಿತವಾಗಿ ಎರಡೂ ಮನೆಗಳಿಗೆ ನೋಟೀಸು ಕೊಟ್ಟು ಶನಿವಾರ ಸಂಜೆ ನಾಲ್ಕಕ್ಕೆ ಸಮಿತಿ ಬಂತು. ಕೆಳಗಿನ ಮನೆಯಲ್ಲಿ ಫಿನಾಯಿಲಿನ ಪರಿಮಳವೂ ಮೊಮ್ಮಗುವಿನ ನಗುವೂ ಇದ್ದವಂತೆ. ಅಲ್ಲಿಂದ ಮೇಲೆ ಬಂದು ನಮ್ಮ ಬಚ್ಚಲಿನ ಬಾಗಿಲು ತೆರೆದ ಹಿರಿಯ ಸದಸ್ಯರು ಕಿಟಕಿಯಂಚಿನಲ್ಲಿ ಉರಿಯುತ್ತಿದ್ದ ಊದುಬತ್ತಿಯನ್ನು ಬಹಳ ಹೊತ್ತು ನೋಡಿದರು. ಸೋಮವಾರ ಕೈಸೇರಿದ ವರದಿ ಒಂದೇ ಸಾಲಿನದು: ಹೊಗೆ ಮತ್ತು ಬೆಂಕಿ, ಎರಡೂ ದೂರುದಾರರ ಮನೆಯಲ್ಲೇ ಕಂಡುಬಂದಿವೆ.