ಮನೆ ಕೊಡಿಸೋಕೆ ಹತ್ತು ಸ್ಕೀಮು, ಉಳಿಸೋಕೆ ಒಂದೂ ಇಲ್ಲ

ಕೋಲಾರಕ್ಕೆ ಬರೋ ಯಾವ ಪೇಪರ್ ಆದ್ರೂ ಸರಿ ಒಳಗಿನ ಪುಟ ತಿರುವಿ ನೋಡಿ. ಸ್ವಾಧೀನ ನೋಟಿಸು, ಇ-ಹರಾಜು ಪ್ರಕಟಣೆ, ಸಾಲಗಾರರ ಹೆಸರು, ಜಾಮೀನುದಾರರ ಹೆಸರು, ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಚಕ್ಕುಬಂದಿ. ಪೂರ್ವಕ್ಕೆ ಇಂಥೋರ ಮನೆ, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಖಾಲಿ ಸೈಟು. ನಾನು ಸಬ್ ರಿಜಿಸ್ಟ್ರಾರ್ ಆಫೀಸ್ ಹತ್ರ ಪತ್ರ ಬರೆಯೋ ಕೆಲಸ ಮಾಡೋನು, ಚಕ್ಕುಬಂದಿ ಕಂಡ್ರೆ ಕಣ್ಣು ತಾನಾಗೇ ಅಲ್ಲಿಗೆ ಹೋಗತ್ತೆ, ಎಷ್ಟೋ ಸಲ ಅದನ್ನ ಮೊದಲು ಬರೆದೋನು ನಾನೇ ಆಗಿರ್ತೀನಿ. ಅವರು ಮನೆ ತಗೊಂಡ ದಿನ ಸ್ವೀಟ್ ಬಾಕ್ಸ್ ಕೊಟ್ಟು ಹೋಗಿರ್ತಾರೆ.

ಈ ವಿಷಯ ಟೀ ಅಂಗಡಿಲಿ ಬಂದ್ರೆ ಎರಡೇ ಮಾತು. ಒಂದು, ಸಾಲ ಮಾಡಿದ್ಮೇಲೆ ಕಟ್ಬೇಕು, ಕಟ್ಟಕ್ಕಾಗ್ದೆ ಇದ್ರೆ ಯಾಕೆ ಮಾಡ್ಬೇಕಿತ್ತು. ಇನ್ನೊಂದು, ಸರ್ಕಾರ ಸಾಲ ಮನ್ನಾ ಮಾಡ್ಲಿ. ನಂಗೆ ಎರಡೂ ಸರಿ ಅನ್ಸಲ್ಲ. ಮನ್ನಾ ಅನ್ನೋದು ರೈತರ ಬೆಳೆಸಾಲಕ್ಕೆ 2017ರಲ್ಲೂ ಆಯ್ತು 2018ರಲ್ಲೂ ಆಯ್ತು, ಮನೆಸಾಲಕ್ಕೆ ಅದು ಆಗೋ ಮಾತಲ್ಲ, ಆಗಲೂಬಾರದು, ಬಾಡಿಗೆ ಮನೇಲಿ ಇರೋನು ಕಟ್ಟೋ ತೆರಿಗೇಲಿ ಸ್ವಂತ ಮನೆ ಇರೋನ ಸಾಲ ತೀರಿಸೋದು ಯಾವ ನ್ಯಾಯ. ಆದ್ರೆ ಮನ್ನಾಕ್ಕೂ ಹರಾಜಿಗೂ ಮಧ್ಯ ದೊಡ್ಡ ಜಾಗ ಇದೆ, ಅಲ್ಲಿ ನಮ್ಮ ಸರ್ಕಾರ ಇಲ್ಲವೇ ಇಲ್ಲ. ಬಸವ ವಸತಿ ಇದೆ, ಅಂಬೇಡ್ಕರ್ ನಿವಾಸ್ ಇದೆ, 2024ರಲ್ಲಿ ಶುರುವಾದ ಕೇಂದ್ರದ ವಸತಿ ಯೋಜನೆ ಪಿಎಂಎವೈ ನಗರ 2.0ರಲ್ಲಿ ಬಡ್ಡಿ ಸಬ್ಸಿಡಿನೇ 1.80 ಲಕ್ಷದವರೆಗೆ ಇದೆ, ಎಲ್ಲಾ ಮನೆ ಬರೋ ತನಕ. ಬಂದ ಮನೆ ಕೈಬಿಟ್ಟು ಹೋಗುವಾಗ ಯಾವ ಟೇಬಲ್ ಮುಂದೆ ಹೋಗಿ ನಿಲ್ಬೇಕು ಅನ್ನೋದೇ ಯಾರಿಗೂ ಗೊತ್ತಿಲ್ಲ.

ಮನೆ ಹೆಂಗೆ ಹೋಗತ್ತೆ ಅಂತ ಬಹಳ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ. 18 ಲಕ್ಷ ಲೋನು, 20 ವರ್ಷ, ಶೇ. 9 ಬಡ್ಡಿ ಅಂದ್ರೆ ಇಎಂಐ 16,200 ಹತ್ರ ಬರತ್ತೆ. ನರಸಾಪುರನೋ ವೇಮಗಲ್ಲೋ ಫ್ಯಾಕ್ಟರಿಲಿ ಕಾಂಟ್ರ್ಯಾಕ್ಟ್ ಕೆಲಸ, ಗಂಡ ಹೆಂಡ್ತಿ ಇಬ್ರೂ ದುಡೀತಾರೆ, ನಡೀತಿರತ್ತೆ. ಕಾಂಟ್ರ್ಯಾಕ್ಟ್ ರಿನ್ಯೂ ಆಗಲ್ಲ, ಮೂರು ಕಂತು ತಪ್ಪತ್ತೆ, 90 ದಿನ ದಾಟ್ತಿದ್ದಂಗೆ ಅಕೌಂಟ್ ಎನ್‌ಪಿಎ, ಅಂದ್ರೆ ಬ್ಯಾಂಕ್ ಲೆಕ್ಕದಲ್ಲಿ ಕೆಟ್ಟ ಸಾಲ. ಬಾಕಿ ಎಷ್ಟು, 50 ಸಾವಿರದ ಒಳಗೆ. ಆದ್ರೆ ಆಮೇಲೆ, ಅಡ ಇಟ್ಟ ಆಸ್ತಿನ ಕೋರ್ಟ್ ಕೇಸಿಲ್ದೆ ಬ್ಯಾಂಕೇ ಮಾರೋಕೆ ಬಿಡೋ 2002ರ ಸರ್ಫೇಸಿ ಕಾಯ್ದೆ ಸೆಕ್ಷನ್ 13(2) ನೋಟಿಸ್ ಬರತ್ತಲ್ಲ, ಅದು 50 ಸಾವಿರ ಕೇಳಲ್ಲ, 60 ದಿನದಲ್ಲಿ ಪೂರ್ತಿ ಲೋನ್ ಕಟ್ಟು ಅನ್ನತ್ತೆ. 50 ಸಾವಿರ ಹೊಂದಿಸೋಕೆ ಆಗ್ದೆ ಇದ್ದೋನು 18 ಲಕ್ಷ ಎಲ್ಲಿಂದ ತರ್ತಾನೆ. ಅವನು ಏನು ಮಾಡ್ತಾನೆ ಅಂದ್ರೆ ಹೆಂಡ್ತಿ ಒಡವೆ ಇಟ್ಟು ಒಂದು ಕಂತು ಕಟ್ಟಿ ಬರ್ತಾನೆ, ಕಟ್ಟಿದ್ದೀನಲ್ಲಾ ಇನ್ನೇನು ತೊಂದ್ರೆ ಇಲ್ಲ ಅಂತ ಅಂದ್ಕೋತಾನೆ, ಆದ್ರೆ ಒಂದ್ಸಲ ಎನ್‌ಪಿಎ ಆದ್ರೆ ಬಾಕಿ ಅಷ್ಟೂ ಕ್ಲಿಯರ್ ಆಗೋ ತನಕ ಅಕೌಂಟ್ ಸರಿಹೋಗಲ್ಲ, ಅದು ಆರ್‌ಬಿಐ ರೂಲು. ಒಡವೆನೂ ಹೋಯ್ತು ನೋಟಿಸೂ ನಿಲ್ಲಲಿಲ್ಲ.

60 ದಿನ ಮುಗಿದ್ರೆ 13(4), ಅಂದ್ರೆ ಮನೆ ಸ್ವಾಧೀನ, ಬಾಗಿಲಿಗೆ ಕಾಗದ ಅಂಟಿಸ್ತಾರೆ, ಎರಡು ಪೇಪರಿಗೆ ಹಾಕ್ತಾರೆ, ಅದ್ರಲ್ಲಿ ಒಂದು ನಮ್ಮ ಭಾಷೇದು ಇರ್ಬೇಕು. ಬೀದಿಗೆಲ್ಲಾ ಗೊತ್ತಾಗೋದು ಆವಾಗಲೇ. ಮನೆ ಬಿಡ್ಲಿಲ್ಲ ಅಂದ್ರೆ ಸೆಕ್ಷನ್ 14, ಬ್ಯಾಂಕ್‌ನೋರು ಜಿಲ್ಲಾ ಮ್ಯಾಜಿಸ್ಟ್ರೇಟ್ ಅಂದ್ರೆ ನಮ್ಮ ಡಿಸಿ ಮುಂದೆ ಅರ್ಜಿ ಹಾಕ್ತಾರೆ, ಅವರು 30 ದಿನದಲ್ಲಿ, ತಡ ಆದ್ರೆ ಕಾರಣ ಬರೆದು ಒಟ್ಟು 60 ದಿನದೊಳಗೆ ಆರ್ಡರ್ ಮಾಡ್ಬೇಕು, ಆಮೇಲೆ ರೆವಿನ್ಯೂನೋರು ಪೊಲೀಸ್‌ನೋರು ಬಂದು ಬಾಗಿಲು ತೆಗೆಸ್ತಾರೆ. ಸಾಲಗಾರನ ಕಷ್ಟ ಏನು, ಕೆಲಸ ಯಾಕೆ ಹೋಯ್ತು ಅಂತ ವಿಚಾರಿಸೋ ಅಧಿಕಾರ ಡಿಸಿಗೆ ಆ ಸೆಕ್ಷನ್‌ನಲ್ಲಿ ಇಲ್ಲ, ದಾಖಲೆ ಸರಿ ಇದ್ರೆ ಆರ್ಡರ್ ಮಾಡ್ಲೇಬೇಕು. ತಕರಾರಿದ್ರೆ 45 ದಿನದಲ್ಲಿ ಡಿಆರ್‌ಟಿಗೆ, ಅಂದ್ರೆ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗ್ಬೇಕು, ಅದು ಇರೋದು ಬೆಂಗಳೂರಲ್ಲಿ, ಬಸ್ ಚಾರ್ಜು ಬಿಡಿ, ಲಾಯರ್ ಫೀಸು ಕೇಳಿದ್ರೇ ಅರ್ಧ ಜನ ಅಲ್ಲೇ ವಾಪಸ್.

ಇದರಲ್ಲಿ ನಂಗೆ ಸಿಟ್ಟು ಬರೋದು ಒಂದು ಕಡೆ. ವಸತಿ ಯೋಜನೆ ಮೀಟಿಂಗ್ ಮಾಡೋದೂ ಅದೇ ಡಿಸಿ ಆಫೀಸು, ಮನೆ ಖಾಲಿ ಮಾಡ್ಸೋ ಆರ್ಡರ್ ಹೊರಡೋದೂ ಅದೇ ಆಫೀಸು. ಜಿಲ್ಲೇಲಿ ಯಾವ ಯಾವ ಮನೆ ಹೋಗ್ತಿದೆ ಅಂತ ಹೆಸರು ಅಡ್ರೆಸ್ ಸಮೇತ ಸರ್ಕಾರದ ಕೈಗೆ ಬರತ್ತೆ, ಆದ್ರೆ ಬರೋದು ಕೊನೇ ಹಂತದಲ್ಲಿ. ಅದೇ ಮಾಹಿತಿ ಮೊದಲನೇ ಕಂತು ತಪ್ಪಿದಾಗ ಬಂದಿದ್ರೆ ಕೆಲಸ 16 ಸಾವಿರದಲ್ಲಿ ಮುಗೀತಿತ್ತು. ನಾನು ಹೇಳ್ಬೇಕಿರೋದು ಇಷ್ಟೇ, ಸಹಾಯ ಅನ್ನೋದು 90 ದಿನದ ಒಳಗೆ ಬರ್ಬೇಕು, ಅದು ಸಾಲದ ರೂಪದಲ್ಲೇ ಬರ್ಬೇಕು, ಬ್ಯಾಂಕ್‌ನೋರ ಮರ್ಜಿಗೆ ಬಿಡಬಾರದು.

ಇದೇನು ನಾನು ಕೂತ್ಕೊಂಡು ಕಂಡ ಕನಸಲ್ಲ. ಅಮೆರಿಕಾದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಸ್ಟೀಲ್ ಫ್ಯಾಕ್ಟರಿಗಳು ಒಂದಾದ ಮೇಲೊಂದು ಮುಚ್ಚಿ ಜನ ಮನೆ ಕಳ್ಕೊಳ್ಳೋ ಕಾಲದಲ್ಲಿ, 1983ರಲ್ಲಿ ಒಂದು ಕಾನೂನು ತಂದ್ರು. ಬ್ಯಾಂಕು ಕೇಸ್ ಹಾಕೋ ಮುಂಚೆ ಸಾಲಗಾರನಿಗೆ ಒಂದು ನೋಟಿಸ್ ಕಳಿಸ್ಬೇಕು, ಇಂಥಾ ಸಹಾಯ ಇದೆ, ಇಂಥಾ ಕಡೆ ಹೋಗು ಅಂತ. ಅವನು ಟೈಮ್ ಒಳಗೆ ಕೌನ್ಸೆಲಿಂಗ್ ಸೆಂಟರ್‌ಗೆ ಹೋದ್ರೆ, ಕೆಲಸ ಹೋಗಿದ್ದು ಅವನ ತಪ್ಪಿಂದ ಅಲ್ಲ, ಮುಂದೆ ಕಟ್ಟೋ ಶಕ್ತಿ ಬರತ್ತೆ ಅಂತ ಕಂಡ್ರೆ, ರಾಜ್ಯದ ಏಜೆನ್ಸಿ ಬಾಕಿ ಕಂತನ್ನ ನೇರ ಬ್ಯಾಂಕಿಗೆ ಕಟ್ಟತ್ತೆ, ಬೇಕಾದ್ರೆ ಎರಡು ವರ್ಷದ ತನಕ ಪ್ರತಿ ತಿಂಗಳೂ ಒಂದು ಪಾಲು ಕೊಡತ್ತೆ. ಪುಕ್ಕಟೆ ಅಲ್ಲ, ಸಾಲ, ಮನೆ ಮೇಲೇ ಅದರ ಋಣ ಇರತ್ತೆ, ಕೆಲಸ ಸಿಕ್ಕ ಮೇಲೆ ವಾಪಸ್ ಕಟ್ತಾರೆ, ಆ ದುಡ್ಡು ಇನ್ನೊಬ್ರಿಗೆ ಹೋಗತ್ತೆ. ಇದು ಕೋಲಾರಕ್ಕೆ ಹೇಳಿ ಮಾಡಿಸಿದಂಗಿದೆ. ಕೆಜಿಎಫ್ ಗಣಿ 2001ರ ಫೆಬ್ರವರಿಲಿ ಮುಚ್ಚಿದಾಗ ಜನ ಇದ್ದಿದ್ದು ಕಂಪನಿ ಕ್ವಾರ್ಟರ್ಸ್‌ನಲ್ಲಿ, ಇವತ್ತಿನ ಫ್ಯಾಕ್ಟರಿ ಹುಡುಗ್ರು ಇರೋದು ಲೋನ್ ಮನೇಲಿ. 2020ರ ಡಿಸೆಂಬರ್‌ನಲ್ಲಿ ನರಸಾಪುರದ ವಿಸ್ಟ್ರಾನ್‌ನಲ್ಲಿ ಸಂಬಳದ ಗಲಾಟೆ ಆಗಿ ಫ್ಯಾಕ್ಟರಿ ನಿಂತಾಗ ಇಎಂಐ ಏನು ನಿಂತಿತ್ತಾ.

ಹೆಂಗೆ ಮಾಡಬಾರದು ಅನ್ನೋದಕ್ಕೂ ಅಲ್ಲೇ ಉದಾಹರಣೆ ಇದೆ. 2008ರ ಆರ್ಥಿಕ ಕುಸಿತ ಆದ್ಮೇಲೆ 2009ರಲ್ಲಿ ಒಬಾಮಾ ಸರ್ಕಾರ ಮನೆಸಾಲದ ಕಂತು ಇಳಿಸೋಕೆ ಹ್ಯಾಂಪ್ ಅಂತ ಒಂದು ಸ್ಕೀಮ್ ತಂತು, 30ರಿಂದ 40 ಲಕ್ಷ ಕುಟುಂಬಕ್ಕೆ ಸಹಾಯ ಮಾಡ್ತೀವಿ ಅಂತ ಹೇಳ್ತು, ಆ ನಂಬರ್ ಹತ್ರಕ್ಕೂ ಹೋಗ್ಲಿಲ್ಲ. ಯಾಕೆ ಅಂದ್ರೆ ಕಂತು ವಸೂಲಿ ಮಾಡೋ ಕಂಪನಿಗಳ ಕೈಗೇ ಅರ್ಜಿ ತಗೊಳ್ಳೋ ಕೆಲಸ ಕೊಟ್ರು. ಅವರು ಕಾಗದ ಕಳ್ಕೊಂಡ್ರು, ಮತ್ತೆ ತಗೊಂಡ್ಬಾ ಅಂದ್ರು, ಒಂದು ಕಡೆ ಅರ್ಜಿ ಪೆಂಡಿಂಗ್ ಇನ್ನೊಂದು ಕಡೆ ಹರಾಜು. ಓದ್ತಾ ಇದ್ರೆ ನಮ್ಮೂರಿನ ಕಥೆನೇ ಅನ್ನಿಸ್ತು. ನಮ್ಮಲ್ಲೂ ಕೊರೋನಾ ಟೈಮಲ್ಲಿ ಸಾಲ ರೀಸ್ಟ್ರಕ್ಚರ್ ಮಾಡೋಕೆ, ಅಂದ್ರೆ ಕಂತು, ಅವಧಿ ಬದಲಾಯಿಸಿ ಹೊಂದಿಸೋಕೆ, ಆರ್‌ಬಿಐ ಎರಡು ಸಲ ಅವಕಾಶ ಕೊಡ್ತು, 2020ರ ಆಗಸ್ಟಲ್ಲಿ ಒಂದು, 2021ರ ಮೇನಲ್ಲಿ ಇನ್ನೊಂದು. ನನ್ನ ಹತ್ರ ಬರೋ ಎಷ್ಟು ಜನಕ್ಕೆ ಅದು ಗೊತ್ತಿತ್ತು ಅಂತ ಕೇಳಿ ನೋಡಿ, ಮುಖ ಮುಖ ನೋಡ್ತಾರೆ. ಕಂತನ್ನ ಕೆಲವು ತಿಂಗಳು ಮುಂದಕ್ಕೆ ಹಾಕೋ ಮಾರಟೋರಿಯಂ ಗೊತ್ತಿತ್ತು, ಅದೂ ಬಡ್ಡಿ ಮನ್ನಾ ಅಂತ ತಿಳ್ಕೊಂಡೋರೇ ಜಾಸ್ತಿ.

ಆಮೇಲೆ ಅಮೆರಿಕಾದ್ದು ಹಂಗೇ ಎತ್ತಿ ತಂದು ಇಲ್ಲಿ ಕೂರಿಸೋಕಾಗಲ್ಲ. ಅಲ್ಲಿ ಮನೆ ಹೋಗೋದು ಹೆಚ್ಚಾಗಿ ಮನೆಸಾಲಕ್ಕೆ. ನಮ್ಮಲ್ಲಿ ಮಗಳ ಮದುವೆಗೆ, ಅಂಗಡಿಗೆ, ಬೋರ್‌ವೆಲ್‌ಗೆ ಮನೆಪತ್ರ ಅಡ ಇಡ್ತಾರೆ. ಕೃಷಿ ಜಮೀನನ್ನ ಸರ್ಫೇಸಿಲಿ ಮುಟ್ಟಂಗಿಲ್ಲ, ಸೆಕ್ಷನ್ 31ರಲ್ಲಿ ಹಂಗಂತ ಇದೆ, ಅದಕ್ಕೇ ಫೈನಾನ್ಸ್ ಕಂಪನಿಗಳು ರೈತನ ಜಮೀನ್ ಪತ್ರ ಬೇಡ, ಟೌನಲ್ಲಿರೋ ಮನೆ ಪತ್ರ ಕೊಡು ಅಂತಾರೆ. ಸಾವಿರ ಅಡಿ ಕೊರೆಸಿದ್ರೂ ನೀರು ಬರೋ ಗ್ಯಾರಂಟಿ ಇಲ್ಲದ ಊರು ನಮ್ದು. ಟೊಮೇಟೊ 2023ರ ಜುಲೈಲಿ 15 ಕೆಜಿ ಬಾಕ್ಸ್ ಎರಡು ಸಾವಿರ ದಾಟಿತ್ತು, ಬೇರೆ ಟೈಮಲ್ಲಿ ಕೂಲಿ ಗಿಟ್ಟಲ್ಲ ಅಂತ ರಸ್ತೆಗೆ ಸುರಿದು ಹೋಗಿದ್ದೂ ನೋಡಿದ್ದೀವಿ. ಇಂಥೋನಿಗೆ ತಿಂಗಳು ತಿಂಗಳು 5ನೇ ತಾರೀಕು ಕಂತು ಕಟ್ಟು ಅಂದ್ರೆ ಅವನು ಮಂಡಿಯೋನ ಹತ್ರ ಕೈಸಾಲ ಮಾಡಿ ಕಟ್ತಾನೆ, ಒಂದು ದಿನ ಅದೂ ಹುಟ್ಟಲ್ಲ. ಹಂಗಾಗಿ ಸ್ಕೀಮಲ್ಲಿ ಸಾಲ ಯಾತಕ್ಕೆ ಮಾಡಿದ್ದು ಅಂತ ನೋಡ್ಬೇಡಿ, ಅಡ ಇಟ್ಟಿರೋದು ವಾಸ ಇರೋ ಒಂದೇ ಮನೆನಾ ಅಂತ ನೋಡಿ. ಲೇಔಟಲ್ಲಿ ನಾಲ್ಕು ಸೈಟ್ ಇಟ್ಕೊಂಡು ಕಂತು ತಪ್ಪಿಸೋನಿಗೆ ಬೇಡವೇ ಬೇಡ, ಅವನು ಒಂದು ಸೈಟ್ ಮಾರಿ ಕಟ್ಲಿ.

ಒಬ್ಬ ಅಕ್ಕ ಬಂದಿದ್ರು, ಹೆಸರು ಬೇಡ, ಫೈನಾನ್ಸ್ ಹೆಸರೂ ಬೇಡ. ಪಂಚಾಯ್ತಿ ಲಿಮಿಟ್‌ನಲ್ಲಿ ಮನೆ, ಬ್ಯಾಂಕಲ್ಲಿ ಲೋನ್ ಆಗ್ಲಿಲ್ಲ, ಅದಕ್ಕೆ ಜಾಸ್ತಿ ಬಡ್ಡಿಗೆ ಹೊರಗಡೆ ತಗೊಂಡಿದ್ದು. "ಅಣ್ಣಾ, ಇದು ಏನು ಅಂತ ಸ್ವಲ್ಪ ಓದಿ ಹೇಳಿ" ಅಂತ ಕವರ್ ಕೊಟ್ರು, ಇಂಗ್ಲಿಷಲ್ಲಿ ಏಳೆಂಟು ಪುಟ, 13(2) ನೋಟಿಸು. ಕಲೆಕ್ಷನ್ ಹುಡುಗ "ಅದೆಲ್ಲಾ ಸುಮ್ನೆ ಫಾರ್ಮಾಲಿಟಿ ಅಕ್ಕಾ, ನೀವು ಆದಷ್ಟು ಕಟ್ತಾ ಇರಿ" ಅಂದಿದ್ನಂತೆ, ಇವರು ಅದನ್ನ ದೇವ್ರ ಫೋಟೋ ಹಿಂದೆ ಇಟ್ಟು ಸುಮ್ನಾಗಿದ್ರು, ಅರ್ಧ ಟೈಮು ಹಂಗೇ ಹೋಗಿತ್ತು. ನೋಟಿಸಿಗೆ ನೀವು ಲಿಖಿತವಾಗಿ ಉತ್ತರ ಕೊಟ್ರೆ ಅವರು 15 ದಿನದಲ್ಲಿ ಕಾರಣ ಸಮೇತ ಉತ್ತರ ಕೊಡ್ಲೇಬೇಕು ಅಂತ ಅದೇ ಕಾಯ್ದೇಲಿದೆ ಅಂದಾಗ ಅವರು ನಂಬ್ಲಿಲ್ಲ. "ನಮ್ಮಂಥೋರು ಬರೆದ್ರೆ ಓದ್ತಾರಾ" ಅಂದ್ರು. ಕೋರ್ಟ್ ಕಾಂಪೌಂಡಲ್ಲಿರೋ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸ್ದೆ, ಹೆಂಗಸರಿಗೆ ಆದಾಯ ಎಷ್ಟೇ ಇದ್ರೂ ಅಲ್ಲಿ ಲಾಯರ್ ಫ್ರೀ. ಇದು ಎಸ್‌ಸಿ ಎಸ್‌ಟಿಯೋರಿಗೂ ಇದೆ. ನಿಮ್ಮ ಮನೆಗೆ ಇಂಥಾ ನೋಟಿಸ್ ಬಂದಿದ್ರೆ ಈ ಒಂದು ಪ್ಯಾರಾ ಓದಿ ಸಾಕು, ಉಳಿದಿದ್ದು ನನ್ನ ತಕರಾರು.

ತಾಲ್ಲೂಕಿಗೆ ಒಂದು ಟೇಬಲ್ ಹಾಕಿ ಅನ್ನೋದು ನನ್ನ ಮಾತು. ಅಲ್ಲಿ ಕೂರೋಕೆ ಹೊಸ ನೇಮಕಾತಿ ಬೇಡ, ರಿಟೈರ್ ಆಗಿರೋ ಬ್ಯಾಂಕ್ ನೌಕರರು ನಮ್ಮೂರಲ್ಲಿ ಬೇಕಾದಷ್ಟು ಜನ ಇದ್ದಾರೆ, ಬೆಳಿಗ್ಗೆ ವಾಕಿಂಗ್ ಮುಗಿಸಿ ಪಾರ್ಕಲ್ಲಿ ಕೂತಿರ್ತಾರೆ, ಅವರಿಗೆ ಗೌರವಧನ ಕೊಡಿ. ಕಂತು ತಪ್ಪಿದೋನು ಬಂದು ಸ್ಟೇಟ್‌ಮೆಂಟ್ ತೋರಿಸ್ಲಿ, ಅವಧಿ ಉದ್ದ ಮಾಡಿದ್ರೆ ಸರಿಹೋಗತ್ತಾ, ಕೆಲಸ ಸಿಗೋ ತನಕ ಆರು ತಿಂಗಳ ಕಂತು ಬೇಕಾ, ಅವರೇ ಬ್ಯಾಂಕಿಗೆ ಫೋನ್ ಮಾಡಿ ಕೇಳ್ತಾರೆ. ಕೊಡೋ ದುಡ್ಡು ನೇರ ಲೋನ್ ಅಕೌಂಟಿಗೆ ಹೋಗ್ಲಿ, ಸಾಲಗಾರನ ಕೈಗೆ ಬೇಡ, ಬದಲಿಗೆ ಬ್ಯಾಂಕ್ ದಂಡದ ಚಾರ್ಜ್ ಬಿಡ್ಬೇಕು, ಒಪ್ಪಂದ ನಡೆಯೋ ತನಕ ಹರಾಜಿಗೆ ಹೋಗಬಾರದು. ಸರ್ಫೇಸಿ ಕೇಂದ್ರದ ಕಾಯ್ದೆ, ಅದನ್ನ ರಾಜ್ಯ ತಿದ್ದೋಕಾಗಲ್ಲ, ಗೊತ್ತು. ಆದ್ರೆ ದುಡ್ಡು ಕಟ್ತೀವಿ ಅಂತ ಬರೋನಿಗೆ ಬೇಡ ಅನ್ನೋ ಬ್ಯಾಂಕು ನಾನಂತೂ ನೋಡಿಲ್ಲ. ಮೈಕ್ರೋ ಫೈನಾನ್ಸ್ ಕಿರುಕುಳದ ವಿಷಯದಲ್ಲಿ 2025ರ ಫೆಬ್ರವರಿಲಿ ರಾಜ್ಯಪಾಲರು ಒಂದು ಸಲ ವಾಪಸ್ ಕಳಿಸಿದ್ರೂ ಬಿಡದೆ ಸುಗ್ರೀವಾಜ್ಞೆ ತಂದ್ರಲ್ಲ, ಮನಸ್ಸಿದ್ರೆ ನಮ್ಮ ಸರ್ಕಾರಕ್ಕೆ ಓಡೋಕೆ ಬರತ್ತೆ.

ಇನ್ನೊಂದು ಮಾತು, ಕೆಲವರಿಗೆ ಬೇಜಾರಾಗ್ಬಹುದು. ಎಲ್ಲಾ ಮನೆನೂ ಉಳಿಸೋಕಾಗಲ್ಲ. ದುಡಿಯೋ ಒಬ್ಬನೇ ಹೋಗ್ಬಿಟ್ಟಿದ್ದಾನೆ, ಬಡ್ಡಿ ಮೂರು ವರ್ಷದಿಂದ ಬೆಳೀತಿದೆ, ಅಂಥಾ ಕಡೆ ಇನ್ನೊಂದು ಸಾಲ ಕೊಡೋದು ಅವರನ್ನ ಇನ್ನೂ ಆಳಕ್ಕೆ ತಳ್ಳೋದು. ಅವರಿಗೆ ಬೇಕಿರೋದು ಹರಾಜಿಗೆ ಮುಂಚೆ ತಾವೇ ಮಾರ್ಕೊಂಡು, ಸಾಲ ತೀರಿಸಿ, ಉಳಿದಿದ್ದನ್ನ ಕೈಯಲ್ಲಿ ಇಟ್ಕೊಂಡು ಹೊರಗೆ ಬರೋ ದಾರಿ, ಹರಾಜಲ್ಲಿ ಬರೋ ರೇಟಿಗೂ ನಾವು ನಾವೇ ಮಾತಾಡಿ ಮಾರೋ ರೇಟಿಗೂ ಎಷ್ಟು ವ್ಯತ್ಯಾಸ ಅಂತ ನನ್ನ ಕಸುಬಿನೋರಿಗೆ ಯಾರೂ ಹೇಳ್ಕೊಡ್ಬೇಕಿಲ್ಲ. ಆದ್ರೆ 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ದೆ ರಿಜಿಸ್ಟ್ರೇಷನ್ ಇಲ್ಲ. ಪಾರ್ಟಿ ರೆಡಿ, ಅಡ್ವಾನ್ಸ್ ಕೊಡೋಕೂ ರೆಡಿ, ಖಾತಾ ಮಾತ್ರ ನಗರಸಭೆಲಿ ಪೆಂಡಿಂಗ್, ಅಷ್ಟರಲ್ಲಿ ಹರಾಜು ಪ್ರಕಟಣೆ ಬಂದ್ಬಿಡತ್ತೆ, ಅದು ಬಂದ್ಮೇಲೆ ಪೂರ್ತಿ ದುಡ್ಡು ತಂದು ಬಿಡಿಸ್ಕೊಳ್ತೀನಿ ಅಂದ್ರೂ 2016ರ ತಿದ್ದುಪಡಿ ಪ್ರಕಾರ ಆ ಹಕ್ಕು ಮುಗೀತು. 13(2) ನೋಟಿಸ್ ತೋರಿಸಿದೋರಿಗೆ ಇ-ಖಾತಾ ಮೊದಲು ಕೊಡಿ ಅಂತ ಒಂದು ಸುತ್ತೋಲೆ ಹೊರಡಿಸೋಕೆ ಎಷ್ಟು ಖರ್ಚಾಗತ್ತೆ ಹೇಳಿ.

ದುಡ್ಡೆಲ್ಲಿಂದ ಅಂತ ಕೇಳೇ ಕೇಳ್ತೀರಾ, ನ್ಯಾಯವಾದ ಪ್ರಶ್ನೆ. ಪೆನ್ಸಿಲ್ವೇನಿಯಾದ ಸ್ಕೀಮೂ 2011ರಲ್ಲಿ ದುಡ್ಡಿಲ್ದೆ ನಿಂತಿತ್ತು, ಬ್ಯಾಂಕ್‌ಗಳ ಮೇಲಿನ ಕೇಸಲ್ಲಿ ಬಂದ ಸೆಟಲ್‌ಮೆಂಟ್ ದುಡ್ಡಲ್ಲಿ ಮರುವರ್ಷ ಮತ್ತೆ ಶುರುವಾಯ್ತು. ನಮಗೆ ಅಷ್ಟು ದೂರ ಹೋಗೋದು ಬೇಡ. ಮನೆ ತಗೊಂಡಾಗ ಸ್ಟ್ಯಾಂಪ್ ಡ್ಯೂಟಿ ತಗೋತಾರೆ, 2025ರ ಆಗಸ್ಟ್ ಕೊನೆಯಿಂದ ರಿಜಿಸ್ಟ್ರೇಷನ್ ಫೀಸೂ ಶೇ. 1ರಿಂದ 2 ಮಾಡಿದ್ರು. ಪತ್ರ ಬ್ಯಾಂಕಲ್ಲಿ ಅಡ ಇಟ್ಟಾಗ ಅದಕ್ಕೊಂದು ಡ್ಯೂಟಿ. ಅದೇ ಮನೆ ಹರಾಜಾಗಿ ತಗೊಂಡೋನು ಸೇಲ್ ಸರ್ಟಿಫಿಕೇಟ್ ರಿಜಿಸ್ಟರ್ ಮಾಡಿಸೋಕೆ ಬಂದ್ರೆ ಮತ್ತೆ ಡ್ಯೂಟಿ, ಮತ್ತೆ ಫೀಸು. ಒಂದು ಸಂಸಾರ ಮನೆ ಕಳ್ಕೊಂಡಿದ್ರಿಂದ ಸರ್ಕಾರಕ್ಕೆ ಬಂದ ದುಡ್ಡು ಅದು. ಬೇರೆ ತೆರಿಗೆ ಒಂದು ಪೈಸೆ ಮುಟ್ಬೇಡಿ, ಹರಾಜಿನ ಸರ್ಟಿಫಿಕೇಟ್‌ಗಳ ಮೇಲೆ ಬರೋ ಈ ಡ್ಯೂಟಿನಷ್ಟೇ ಜಿಲ್ಲೆ ಜಿಲ್ಲೆಗೆ ಬೇರೆ ಖಾತೆ ಮಾಡಿ ಇಟ್ಟು ಅದರಿಂದ ಶುರು ಮಾಡಿ. ಎಷ್ಟಾಗತ್ತೆ ಅಂತ ಲೆಕ್ಕ ಹಾಕೋಕೆ ಕಮಿಟಿನೂ ಬೇಡ, ರಿಜಿಸ್ಟರ್ ಆಗಿರೋದೆಲ್ಲಾ ನೋಂದಣಿ ಇಲಾಖೆಯ ಕಾವೇರಿ ಸಾಫ್ಟ್‌ವೇರಲ್ಲಿ ದಿನಾಂಕ, ಮೊತ್ತ ಸಮೇತ ಕೂತಿದೆ.