ತಾತನ ಕೋವಿಗೆ ವಯಸ್ಸಿನ ದಾಖಲೆ ಇಲ್ಲ

ಜಿಲ್ಲಾ ಪಂಚಾಯಿತಿ ಚುನಾವಣೆ ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ 2021ರಿಂದ ಕೇಳುತ್ತಲೇ ಇದ್ದೇವೆ. ಚುನಾವಣೆ ಬರುವುದಿಲ್ಲ, ಸುದ್ದಿ ಮಾತ್ರ ಬರುತ್ತದೆ. ಸುದ್ದಿ ಬಂದಾಗಲೆಲ್ಲ ಮಳವಳ್ಳಿ ಕಡೆ ಇರುವ ನಮ್ಮ ಸೋದರಮಾವ ಅಟ್ಟದಿಂದ ಕೋವಿ ಇಳಿಸಿ, ಹೊಲಿಗೆ ಮಿಷನ್ ಎಣ್ಣೆ ಬಿಟ್ಟು ಒರೆಸಿ, ಹಳೇ ಪಂಚೆಯಲ್ಲಿ ಸುತ್ತಿಡುತ್ತಾರೆ. ಯಾರನ್ನೋ ಹೊಡೆಯೋಕಲ್ಲ. ಸ್ಟೇಷನ್ನಿಗೆ ಒಪ್ಪಿಸೋಕೆ. ಚುನಾವಣೆ ಮುಗಿಯುವವರೆಗೆ ಲೈಸೆನ್ಸಿನ ಕೋವಿ ಠಾಣೆಯಲ್ಲಿರಲಿ ಅಂತಾರೆ.

ನೀತಿ ಸಂಹಿತೆ ಅಂದರೆ ನಮಗೆಲ್ಲ ಬ್ಯಾನರ್ ಇಳಿಸುವುದು ನೆನಪಾಗುತ್ತದೆ. ಮಾವನಿಗೆ ಬಸ್ಸು ನೆನಪಾಗುತ್ತದೆ. ಪಂಚೆ ಸುತ್ತಿದ ಉದ್ದನೆಯ ಗಂಟು ನೋಡಿ ಕಂಡಕ್ಟರ್ ಏನದು ಅಂತ ಕೇಳಿದರೆ 'ಕಬ್ಬು' ಅನ್ನುತ್ತಾರೆ. ಮಂಡ್ಯ ಜಿಲ್ಲೆಯಲ್ಲಿ ಉದ್ದಕ್ಕಿರುವುದೆಲ್ಲ ಕಬ್ಬೇ. ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ.

ಕೋವಿ ತಾತನ ಕಾಲದ್ದು. ಬೋರ್, ಅಂದರೆ ನಳಿಗೆಯ ಒಳಅಳತೆ, ಪಾಯಿಂಟ್ 375. ಇಂಗ್ಲೆಂಡಿನ ಮಾಲು. ದೇಶ ಬಿಟ್ಟು ಹೊರಟಿದ್ದ ಕೊಡಗಿನ ಕಾಫಿ ತೋಟದ ದೊರೆಯೊಬ್ಬ, ಕುರ್ಚಿ ಮೇಜು ಮಾರಿದ ಹಾಗೆ ಇದನ್ನೂ ತಾತನಿಗೆ ಮಾರಿ ಹಡಗು ಹತ್ತಿದನಂತೆ. ಹಾಗಾಗಿ ಇದು ಆಗಲೇ ಸೆಕೆಂಡ್ ಹ್ಯಾಂಡ್, ಆಗಲೇ ಸಮುದ್ರ ದಾಟಿ ಬಂದದ್ದು. ಬರುವಾಗ ಯಾರೂ ಏನೂ ಕೇಳಲಿಲ್ಲ. ಕೇಳಬೇಕಾದವರೇ ತಂದಿದ್ದರಲ್ಲ.

ಹೋದ ವರ್ಷ ನಮ್ಮ ಮನೆಯಲ್ಲಿ ಒಂದು ಅಂತಾರಾಷ್ಟ್ರೀಯ ವಹಿವಾಟು ಶುರುವಾಯಿತು. ಒಂದು ಬೇಟೆ ಕೋವಿ ದೇಶದ ಒಳಗೆ ಬರಬೇಕು, ಇನ್ನೊಂದು ದೇಶದಿಂದ ಹೊರಗೆ ಹೋಗಬೇಕು. ಎರಡೂ ಹಳೇ ಮಾಲು. ಎತ್ತು ಬದಲಾಯಿಸಿಕೊಂಡಷ್ಟೇ ಸುಲಭ ಅಂದುಕೊಂಡೆವು.

ಒಳಗೆ ಬರಬೇಕಾದದ್ದು ಮಾವನ ಮಗನದು. ಟೆಕ್ಸಸ್‌ನಲ್ಲಿ ಸಾಫ್ಟ್‌ವೇರ್. ಒಂದು ಭಾನುವಾರ ಫೋನ್ ಮಾಡಿದ. "ಭಾವ, ಪಕ್ಕದ ಮನೆಯವನು ಗ್ಯಾರೇಜ್ ಖಾಲಿ ಮಾಡ್ತಿದ್ದ. ಹುಲ್ಲು ಕತ್ತರಿಸೋ ಮಿಷನ್ ನೋಡೋಣ ಅಂತ ಹೋದೆ. ರೈಫಲ್ ತಗೊಂಡು ಬಂದೆ."

ಒಂದೇ ರಾಜ್ಯದ ಇಬ್ಬರು ಖಾಸಗಿಯಾಗಿ ಕೊಟ್ಟು ತಗೊಂಡರೆ ಅಲ್ಲಿ ಅಂಗಡಿಯ ಫಾರಂ ಕೂಡ ಬೇಕಿಲ್ಲವಂತೆ. ನಮ್ಮ ಹುಡುಗನದು ಎಚ್-1ಬಿ ವೀಸಾ. ಆ ವೀಸಾದವರು ಕೋವಿ ಇಟ್ಟುಕೊಳ್ಳುವಂತಿಲ್ಲ, ಬೇಟೆ ಲೈಸೆನ್ಸ್ ಇದ್ದರೆ ಮಾತ್ರ ಇಟ್ಟುಕೊಳ್ಳಬಹುದು ಅಂತ ಅಮೆರಿಕದ ಕಾನೂನೇ ಹೇಳುತ್ತದೆ. ಸರಿ, ಒಂದು ಬೇಟೆ ಲೈಸೆನ್ಸ್ ತಗೊಂಡ. ಮಾರಮ್ಮನ ಹಬ್ಬದಲ್ಲಿ ಕೋಳಿ ಕುಯ್ಯುವುದನ್ನು ನೋಡಲಾರದೆ ಹಿತ್ತಲಿಗೆ ಓಡುತ್ತಿದ್ದವನು ಕಾಗದದ ಮೇಲೆ ಬೇಟೆಗಾರನಾದ. ಅಲ್ಲಿ ಕಾಡುಹಂದಿ ಕಾಟ ಜಾಸ್ತಿ. ದುಡ್ಡು ಕೊಟ್ಟರೆ ಹೆಲಿಕಾಪ್ಟರ್ ಹತ್ತಿಸಿ ಮೇಲಿಂದ ಹಂದಿ ಹೊಡೆಸುತ್ತಾರೆ, 2011ರಿಂದ ಅದಕ್ಕೂ ಕಾನೂನಿನ ಒಪ್ಪಿಗೆ ಇದೆ. ಅದರ ವಿಡಿಯೋ ಕಳಿಸಿದ್ದ. ಮಾವ ಮೂರು ಸಲ ನೋಡಿದರು. ಮೂರನೇ ಸಲ ಕಣ್ಣು ಒರೆಸಿಕೊಂಡರು.

ಈಗ ಹುಡುಗ ಕೆಲಸ ಬಿಟ್ಟು ಮೈಸೂರಿಗೆ ವಾಪಸ್ ಬರುತ್ತಾನೆ. ಕೋವಿಯನ್ನೂ ತರಬೇಕು ಅಂತ ಆಸೆ. ನಮ್ಮಲ್ಲಿ ಹೊರದೇಶದ ಕೋವಿ ಆಮದು ಬಾಗಿಲು ಹಾಕಿ ದಶಕಗಳೇ ಆದವು. ಅದಕ್ಕೇ ದೇಶದ ಒಳಗೆ ಉಳಿದಿರುವ ಹಳೇ ಇಂಗ್ಲಿಷ್ ಕೋವಿಗಳಿಗೆ ಸೈಟಿನ ಬೆಲೆ. ಆದರೆ ಪರದೇಶದಲ್ಲಿ ವಾಸ ಇದ್ದು ಕಾಯಂ ವಾಪಸ್ ಬರುವವರಿಗೆ ಒಂದು ಸಂದು ಬಿಟ್ಟಿದ್ದಾರೆ. ಒಂದೇ ಒಂದು ಕೋವಿ ತರಬಹುದು. ಅದೂ ಅಲ್ಲಿ ನೀನೇ ಇಟ್ಟುಕೊಂಡು ಬಳಸಿದ್ದಾಗಿರಬೇಕು, ಇಲ್ಲಿ ಲೈಸೆನ್ಸ್ ಇರಬೇಕು. ಹಳೇದನ್ನು ಹೊಸದು ಅಂತ ಮಾರುವ ದೇಶದಲ್ಲಿ, ಹಳೇದಾಗಿದ್ದರೆ ಮಾತ್ರ ಒಳಗೆ ಬಾ ಅನ್ನುವ ವಸ್ತು ಇದೊಂದೇ ಇರಬೇಕು.

ಆಗ ಜಾರಿಯಲ್ಲಿದ್ದ 2016ರ ಬ್ಯಾಗೇಜ್ ನಿಯಮ ತೆಗೆದು ನೋಡಿದೆ. ಸುಂಕದ ವಿನಾಯಿತಿ ಇಲ್ಲದ ವಸ್ತುಗಳ ಪಟ್ಟಿ ಒಂದಿತ್ತು. ಅದರಲ್ಲಿ ಮೊದಲು ಬಂದೂಕು. ಆಮೇಲೆ ಐವತ್ತಕ್ಕಿಂತ ಜಾಸ್ತಿ ತೋಟಾ, ನೂರಕ್ಕಿಂತ ಜಾಸ್ತಿ ಸಿಗರೇಟು, ಎರಡು ಲೀಟರಿಗಿಂತ ಜಾಸ್ತಿ ಮದ್ಯ, ಚಿನ್ನ ಬೆಳ್ಳಿ. ಕೊನೆಗೆ ಫ್ಲಾಟ್ ಟಿವಿ. ಯಾರೋ ಸಿನಿಮಾ ಖಳನಾಯಕನ ಮನೆಗೆ ಹೋಗಿ ಪಟ್ಟಿ ಬರೆದುಕೊಂಡು ಬಂದಂತಿತ್ತು. ಐವತ್ತು ತೋಟಾಕ್ಕೆ ಸುಂಕ ಇಲ್ಲ, ಕೋವಿಗೆ ಇದೆ. ಉಪ್ಪಿನಕಾಯಿ ಪುಕ್ಕಟೆ, ಊಟಕ್ಕೆ ದುಡ್ಡು.

ಸುಂಕ ಕಟ್ಟೋಣ ಬಿಡು ಅಂದ ಹುಡುಗ. ಅಷ್ಟರಲ್ಲಿ ಬೋರಿನ ತಕರಾರು ಬಂತು. ಅವನದು ಪಾಯಿಂಟ್ 308. ಅಲ್ಲಿ ಜಿಂಕೆ ಹೊಡೆಯುವವರು ಜಾಸ್ತಿ ಬಳಸುವ ಕೋವಿ. ಅದರೊಳಗೆ ಸೈನ್ಯದ 7.62 ತೋಟಾ ಸರಾಗವಾಗಿ ಕೂರುತ್ತದೆ. ಪಾಯಿಂಟ್ 303 ಅಥವಾ 7.62ರ ಸೈನ್ಯದ ತೋಟಾ ಕೂರುವ, ಕೈಯಲ್ಲಿ ಬೋಲ್ಟ್ ಎಳೆದು ಹೊಡೆಯುವ ಕೋವಿಯೆಲ್ಲ ನಮ್ಮ 2016ರ ಆಯುಧ ನಿಯಮದಲ್ಲಿ ನಿಷೇಧಿತ ಬೋರ್. ಜಿಲ್ಲಾಧಿಕಾರಿ ಕೈಯಲ್ಲೂ ಆಗಲ್ಲ, ದಿಲ್ಲಿಗೇ ಹೋಗಬೇಕು. ಸಿಪಾಯಿಯ ತೋಟಾ ರೈತನ ಕೋವಿಗೆ ಸೇರಬಾರದು ಅನ್ನುವುದು ಬ್ರಿಟಿಷರ ಭಯ. ಅವರು ಗಂಟುಮೂಟೆ ಕಟ್ಟಿ ಹೋದರು, ಭಯವನ್ನು ಇಲ್ಲೇ ಬಿಟ್ಟು ಹೋದರು. ನಾವು ಅದಕ್ಕೆ ಎಣ್ಣೆ ಹಾಕಿ ಒರೆಸಿ ಇಟ್ಟುಕೊಂಡಿದ್ದೇವೆ.

ಅಮೆರಿಕದವರೂ ಕಮ್ಮಿಯಿಲ್ಲ. ಬೇಟೆ ಕೋವಿಯನ್ನು ದೇಶದಿಂದ ಹೊರಗೆ ಬಿಡುವ ಕಾಗದಪತ್ರ ಮೊದಲು ಅವರ ವಿದೇಶಾಂಗ ಇಲಾಖೆ ಕೈಯಲ್ಲಿತ್ತು. 2020ರಲ್ಲಿ ವಾಣಿಜ್ಯ ಇಲಾಖೆಗೆ ಕೊಟ್ಟರು. ಅವರಿಗೆ ಕೋವಿ ಅಂದರೆ ವ್ಯಾಪಾರ, ನಮಗೆ ಗೃಹ ಇಲಾಖೆ. ಹೆಸರಿಗೆ ಗೃಹ, ಕೋವಿ ಮಾತ್ರ ಗೃಹದಲ್ಲಿ ಇರುವಂತಿಲ್ಲ.

ಈಗ ಹೊರಗೆ ಹೋಗಬೇಕಾದ ಕೋವಿಯ ಕಥೆ. ಇಂಗ್ಲೆಂಡಿನ ಹಳೇ ಕೋವಿ ವ್ಯಾಪಾರಿಯೊಬ್ಬನಿಗೆ ಹುಡುಗ ಫೋಟೋ ಕಳಿಸಿದ್ದ. ಅವನು ಹೇಳಿದ ಬೆಲೆ ಕೇಳಿ ಅತ್ತೆ ಮೊದಲ ಸಲ ಆ ಕೋವಿಯನ್ನು ಗೌರವದಿಂದ ನೋಡಿದರು. ಅದುವರೆಗೂ ಅದು ಅವರಿಗೆ ಜೇಡ ಕಟ್ಟುವ ಜಾಗ.

ಮಾರುವುದು ಹೇಗೆ? 1959ರ ಆಯುಧ ಕಾಯ್ದೆ ಪ್ರಕಾರ ರಫ್ತಿಗೂ ಲೈಸೆನ್ಸ್ ಬೇಕು. ಅದನ್ನಾದರೂ ಕೇಳೋಣ ಅಂದರೆ ಇನ್ನೊಂದು ಕಾಯ್ದೆ ಅಡ್ಡ ಮಲಗಿದೆ. ನೂರು ವರ್ಷ ತುಂಬಿದ ವಸ್ತು ಪುರಾತನ ವಸ್ತು. ಖಾಸಗಿಯವರು ಅದನ್ನು ದೇಶದ ಆಚೆ ಕಳಿಸುವಂತಿಲ್ಲ. ಈ ಕಾಯ್ದೆ 1972ರದು. ವನ್ಯಜೀವಿ ರಕ್ಷಣಾ ಕಾಯ್ದೆಯೂ 1972ರದೇ. ತಾತನ ಕೋವಿಗೆ ಅದೆಂಥ ಶನಿ ಕಾಟದ ವರ್ಷವೋ. ಒಂದು ಕಾಯ್ದೆ ಇಲ್ಲಿ ಬೇಟೆ ಬೇಡ ಅಂತು, ಇನ್ನೊಂದು ಆಚೆಗೂ ಹೋಗಬೇಡ ಅಂತು.

ತೊಂಬತ್ತೊಂಬತ್ತು ವರ್ಷ ಮುನ್ನೂರ ಅರವತ್ತನಾಲ್ಕು ದಿನದವರೆಗೆ ಅದು ಮಾರಕಾಸ್ತ್ರ. ಮಾರನೇ ದಿನ ಬೆಳಿಗ್ಗೆ ಎದ್ದರೆ ನಾಡಿನ ಪರಂಪರೆ. ನಮ್ಮ ಕೋವಿ ಇದರಲ್ಲಿ ಯಾವುದು? ಯಾರಿಗೂ ಗೊತ್ತಿಲ್ಲ. ನಳಿಗೆ ಮೇಲೆ ನಂಬರ್ ಇದೆ, ವರ್ಷ ಇಲ್ಲ. 1922 ಇರಬಹುದು ಅಂತ ಮಾವ, 1928 ಅಂತ ಅತ್ತೆ. ಅತ್ತೆ ಹೇಗೆ ಹೇಳುತ್ತಾರೋ ನನಗೆ ಗೊತ್ತಿಲ್ಲ. ನಮ್ಮೂರಿನ ಅರ್ಧ ಜನರಿಗೆ ಜೂನ್ ಒಂದನೇ ತಾರೀಕು ಅಂತ ಹುಟ್ಟಿದ ದಿನ ಬರೆದುಕೊಟ್ಟ ಹೆಡ್‌ಮಾಸ್ಟರ್ ಈಗ ಇದ್ದಿದ್ದರೆ ಕೋವಿಗೂ ಒಂದು ಬರೆಸಬಹುದಿತ್ತು.

ಇದರಲ್ಲಿ ನನಗೆ ತಮಾಷೆಯಾಗಿ ಕಾಣುವುದು ಬೇರೆ. ಇದೇ ಮೈಸೂರಿನಲ್ಲಿ ವ್ಯಾನ್ ಇಂಗೆನ್ ಅಂತ ಒಂದು ಕಾರ್ಖಾನೆ ಇತ್ತು. ಹಳಬರಿಗೆ ಗೊತ್ತು. ರಾಜರು, ದೊರೆಗಳು ಹೊಡೆದ ಹುಲಿ ಚಿರತೆಗಳಿಗೆ ಒಳಗೆ ತುಂಬಿ, ಗಾಜಿನ ಕಣ್ಣು ಇಟ್ಟು, ಬಾಯಿ ತೆರೆಸಿ, ಜಗತ್ತಿನ ಮೂಲೆ ಮೂಲೆಗೆ ಕಳಿಸಿದರು. ಮೈಸೂರಿನಲ್ಲಿ ಹದವಾದ ಆ ಹುಲಿಮುಖಗಳು ಇಂಗ್ಲೆಂಡಿನ ಹರಾಜುಗಳಲ್ಲಿ ಮಾರಾಟವಾಗಿವೆ. ಹುಲಿ ಸತ್ತ ಮೇಲೂ ಹಡಗು ಹತ್ತಿ ಫಾರಿನ್ ಸೇರಿತು. ಹೊಡೆದ ಕೋವಿ ಮಳವಳ್ಳಿಯಲ್ಲಿ ಪಂಚೆ ಸುತ್ತಿಕೊಂಡು ಮಲಗಿದೆ. (ತಾತ ಹುಲಿ ಹೊಡೆದಿದ್ದರೇ ಅಂತ ಕೇಳಬೇಡಿ. ಪ್ರತಿ ಹಬ್ಬಕ್ಕೂ ಆ ಹುಲಿ ಒಂದು ಅಡಿ ಬೆಳೆಯುತ್ತಿತ್ತು. ನನಗೆ ತಿಳಿದಂತೆ ಹೊಡೆದದ್ದು ಒಂದು ಮುಳ್ಳುಹಂದಿ.)

ಇಷ್ಟಕ್ಕೂ ಗಡಿ ಅಂದರೆ ಸಮುದ್ರವೇ ಆಗಬೇಕಿಲ್ಲ. ಮೈಸೂರಿನಿಂದ ಮಡಿಕೇರಿ ರಸ್ತೆ ಹಿಡಿಯಿರಿ. ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪ ದಾಟಿ ಕಾವೇರಿ ಸೇತುವೆ ಹತ್ತಿದರೆ ಕುಶಾಲನಗರ. ಸೇತುವೆಯ ಆ ಕಡೆ ಕೊಡವರಿಗೆ, ಜಮ್ಮಾ ಅನ್ನುವ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಕೋವಿಗೆ ಲೈಸೆನ್ಸೇ ಬೇಡ. ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ, ಈಗ 2029ರವರೆಗೆ ಮುಂದುವರಿದಿದೆ. ಅವರು ಕೈಲ್ ಪೊಳ್ದ್ ಅನ್ನುವ ಆಯುಧದ ಹಬ್ಬದ ದಿನ ಕೋವಿಗೆ ತೋಕ್ ಹೂ ಇಟ್ಟು ಪೂಜೆ ಮಾಡುತ್ತಾರೆ, ಚೆನ್ನಾಗಿ ನೋಡಿಕೊಂಡಿದ್ದಾರೆ, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ನಮ್ಮ ಕೋವಿ ಅದೇ ಸೇತುವೆ ದಾಟಿ ಬಂದದ್ದು. ಬರಬಾರದಿತ್ತು ಪಾಪ.

ನಮ್ಮ ಕೋವಿಗೂ ಪೂಜೆ ಆಗಿಲ್ಲ ಅಂತೇನಿಲ್ಲ. ಒಂದು ಸಲ ಚುನಾವಣೆಗೆ ಅಂತ ಠಾಣೆಯಲ್ಲಿಟ್ಟದ್ದು, ಲೈಸೆನ್ಸ್ ನವೀಕರಣ ಬಾಕಿ ಅಂತ ಅಲ್ಲೇ ಉಳಿಯಿತು. ದಸರಾ ಬಂತು. ಮಾವ ಕೋವಿ ಕೇಳಲು ಹೋದಾಗ ನಾನೂ ಜೊತೆಗಿದ್ದೆ. ಹಿಂದಿನ ಕೋಣೆ. ಮೂಲೆಯಲ್ಲಿ ಹತ್ತು ಹದಿನೈದು ಕೋವಿಗಳನ್ನು ತೆಂಗಿನ ನಾರಿನ ಹಗ್ಗದಲ್ಲಿ ಸೌದೆ ಹೊರೆಯಂತೆ ಬಿಗಿದಿದ್ದರು. ಪಕ್ಕದಲ್ಲಿ ಜಪ್ತಿಯಾದ ಸೈಕಲ್, ಒಂದು ಗ್ಯಾಸ್ ಸ್ಟೌ. ಪ್ರತಿ ಕೋವಿಗೂ ರಟ್ಟಿನ ಚೀಟಿ. ನಮ್ಮದರ ಚೀಟಿಯನ್ನು ಇಲಿ ತಿಂದು ಮಾವನ ಹೆಸರಿನಲ್ಲಿ 'ಗೌಡ' ಮಾತ್ರ ಉಳಿದಿತ್ತು. ಆ ಹೊರೆಯಲ್ಲಿ ಗೌಡರಲ್ಲದವರದು ಎಷ್ಟಿತ್ತು ಅಂತ ನೀವೇ ಊಹಿಸಿ. ಇಡೀ ಹೊರೆಗೆ ಸೇರಿಸಿ ಒಂದೇ ಚೆಂಡುಹೂವಿನ ಹಾರ, ಒಂದು ನಿಂಬೆಹಣ್ಣು. ಆಯುಧಪೂಜೆ. ಮಾವ ನಳಿಗೆಗೆ ಬೆರಳು ಹಾಕಿ ತೆಗೆದರು. ತುದಿಗೆ ಕೆಂಪು ತುಕ್ಕು. ಕುಂಕುಮ ಅಂದುಕೊಂಡು ಹಣೆಗಿಟ್ಟುಕೊಳ್ಳಬಹುದಿತ್ತು, ಅಷ್ಟು ಕೆಂಪು.

"ಸಾರ್, ಹಿಂಗೆ ಮಡಗಿದ್ರೆ ಹೆಂಗೆ ಸಾರ್?"

"ಯಜಮಾನ್ರೇ, ಜೋಪಾನವಾಗಿದೆ ತಾನೇ? ಯಾರೂ ಕದ್ದಿಲ್ವಲ್ಲ."

ಅದೂ ನಿಜವೇ. ಈ ಭಾಗ್ಯಕ್ಕೆ ಬೇಕಾದ ಕಾಗದಗಳು ಕೇಳಿ. ಡಾಕ್ಟರ ಸರ್ಟಿಫಿಕೇಟ್, ತಲೆ ನೆಟ್ಟಗಿದೆ ಅಂತ. ಪಹಣಿ. ತಾತ ಸತ್ತ ದಾಖಲೆ. ಅಣ್ಣತಮ್ಮಂದಿರ, ಅಕ್ಕತಂಗಿಯರ ಒಪ್ಪಿಗೆ. ನಮ್ಮಮ್ಮನೂ ಸಹಿ ಹಾಕಿದ್ದಾಳೆ. ಜಮೀನು ಭಾಗದಲ್ಲಿ ಅವಳ ಸಹಿಯನ್ನು ಯಾರೂ ಇಷ್ಟು ಮರ್ಯಾದೆಯಿಂದ ಕೇಳಿರಲಿಲ್ಲ.

ಇಷ್ಟೆಲ್ಲ ಯಾಕೆ? ಲೈಸೆನ್ಸಿನಲ್ಲಿ ಬರೆದಿದೆ, ಬೆಳೆ ರಕ್ಷಣೆಗೆ. ಕಾಡುಹಂದಿ ಬಂದು ಕಬ್ಬು ಮುರಿಯುತ್ತದೆ, ಜೋಳ ಮಲಗಿಸುತ್ತದೆ. ಕೋವಿ ಕೈಯಲ್ಲಿದ್ದರೂ ಅನುಮತಿ ಇಲ್ಲದೆ ಹೊಡೆದರೆ ಕೇಸು. ಆಕಾಶಕ್ಕೆ ಒಂದು ಗುಂಡು ಹಾರಿಸಬಹುದು. ಹಂದಿ ತಲೆ ಎತ್ತಿ ನೋಡುತ್ತದೆ. ಮತ್ತೆ ತಿನ್ನುತ್ತದೆ.

ನನಗೆ ಕೋವಿಯ ಮೇಲೆ ಯಾವ ಪ್ರೀತಿಯೂ ಇಲ್ಲ. ಬೇಟೆ ನಿಂತದ್ದು ಒಳ್ಳೆಯದಾಯಿತು. ಊರೂರಿಗೆ ಕೋವಿ ಹಂಚಿ ಅಂತ ಹೇಳುವ ಹುಚ್ಚನೂ ನಾನಲ್ಲ. ಆದರೆ ಹೊಲದ ಬದುವಿಗೆ ಕರೆಂಟ್ ತಂತಿ ಬಿಡುತ್ತಾರಲ್ಲ, ಅದಕ್ಕೆ ಯಾವ ಲೈಸೆನ್ಸ್ ಕೇಳಿದ್ದೀರಿ? ಹಂದಿಗೆ ಅಂತ ಬಿಟ್ಟ ತಂತಿಗೆ ಆನೆ ಸಾಯುತ್ತದೆ. ನೀರು ಕಟ್ಟಲು ಹೋದ ಮನುಷ್ಯ ಸಾಯುತ್ತಾನೆ. ಬೈಕಿನ ಕ್ಲಚ್ ವೈರಿನ ಉರುಳಿಗೆ ಚಿರತೆ ಸೊಂಟ ಸಿಕ್ಕಿಸಿಕೊಂಡು ಹಗಲೆಲ್ಲ ಒದ್ದಾಡುತ್ತದೆ, ಜನ ಸುತ್ತ ನಿಂತು ಮೊಬೈಲ್ ಹಿಡಿಯುತ್ತಾರೆ. ಕಳ್ಳ ನಾಡಕೋವಿಗೆ ಬೋರೂ ಇಲ್ಲ, ನಂಬರೂ ಇಲ್ಲ, ನೀತಿ ಸಂಹಿತೆಯೂ ಇಲ್ಲ. ಅದನ್ನು ಇಟ್ಟುಕೊಂಡವನು ಯಾವ ಚುನಾವಣೆಗೂ ಬಸ್ಸು ಹತ್ತಿಲ್ಲ. ಮಂಡಿ ನೋವಿನ ಮುದುಕ ಪಂಚೆ ಗಂಟು ಹಿಡಿದು ನಿಲ್ಲುತ್ತಾನೆ, ಯಾಕೆಂದರೆ ಅವನ ಹೆಸರು ರಿಜಿಸ್ಟರಿನಲ್ಲಿದೆ. ಸಿಗುವವನನ್ನೇ ಹಿಡಿಯುವುದು. ಸಾಕಾಗಿ ಹೋಗಿದೆ.

ಇರಲಿ. ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ಪಾಯಿಂಟ್ 308 ಅನ್ನು ಹೊರಡುವ ಹಿಂದಿನ ವಾರ ಮಾರಿದ. ಯಾರಿಗೆ ಅಂತೀರಿ? ಅದೇ ಪಕ್ಕದ ಮನೆಯವನಿಗೆ. ಅದೇ ಗ್ಯಾರೇಜಿನಲ್ಲಿ. ಬಂದ ದುಡ್ಡಿಗೆ ಒಂದು ದೊಡ್ಡ ಟಿವಿ ತಂದ. ವಿಮಾನ ನಿಲ್ದಾಣದಲ್ಲಿ ಅದಕ್ಕೆ ಸುಂಕ ಕಟ್ಟಿಸಿಕೊಂಡರು. ಬಂದೂಕೂ ಟಿವಿಯೂ ಒಂದೇ ಪಟ್ಟಿಯಲ್ಲಿವೆ ಅಂತ ನಾನು ಮಾವನಿಗೆ ಆ ರಾತ್ರಿ ಹೇಳಿದೆ. ಆಗಷ್ಟೇ ಗೋಡೆಗೆ ಟಿವಿ ನೇತುಹಾಕಿ ಆಗಿತ್ತು. ನ್ಯೂಸ್ ಚಾನೆಲ್‌ನಲ್ಲಿ ಆರು ಜನ ಒಟ್ಟಿಗೆ ಕಿರುಚುತ್ತಿದ್ದರು. ಮಾವ ಸ್ವಲ್ಪ ಹೊತ್ತು ನೋಡಿ ಮಗನ ಕಡೆ ತಿರುಗಿದರು.

"ಎಲೆಕ್ಷನ್ ಬಂದಾಗ ಇದ್ನೂ ಸ್ಟೇಷನ್ಗೆ ಕೊಡಬೇಕೇನ್ಲಾ?"

ಅಡುಗೆಮನೆಯಿಂದ ಅತ್ತೆ ಅಂದರು: "ಮೊದ್ಲು ಅದ್ನೇ ಕೊಡಿ."