ಮ್ಯಾಟ್ ಬಣ್ಣದ ಮೇಲೆ ನೇರ ವಾಶ್ ಬೇಡ

ಟ್ಯಾಂಕ್ ಮಾದರಿಗಳಿಗೆ ಬಣ್ಣ ಹಚ್ಚುವಾಗ ಗ್ಲಾಸ್ (ಹೊಳಪಿನ) ವಾರ್ನಿಶ್ ಬಿಟ್ಟು ನೇರವಾಗಿ ವಾಶ್ (ಗೆರೆಗಳಲ್ಲಿ ನೆರಳು ಮೂಡಿಸುವ ನೀರಾದ ಬಣ್ಣ) ಹಾಕಿದರೆ ಒಂದು ಸಂಜೆಯ ಸಮಯ ಉಳಿಯುತ್ತದೆ ಎಂಬ ನಿಮ್ಮ ಬರಹದ ಸಲಹೆಯನ್ನು ಒಪ್ಪಲಾರೆ. ಮ್ಯಾಟ್ (ಹೊಳಪಿಲ್ಲದ) ಬಣ್ಣದ ಮೈ ತರಿತರಿ. ಎನಾಮೆಲ್ ವಾಶ್ ಗೆರೆಗಳಿಗೆ ಇಳಿಯದೆ ಅಲ್ಲಲ್ಲೇ ಹೀರಿಕೊಂಡು ಕಲೆಯಾಗುತ್ತದೆ, ಒರೆಸಿದರೂ ಹೋಗದು. ಅಕ್ರಿಲಿಕ್ ಗ್ಲಾಸ್ ವಾರ್ನಿಶ್‌ನ ಒಂದು ತೆಳು ಪದರ ಹತ್ತೇ ನಿಮಿಷದ ಕೆಲಸ, ರಾತ್ರಿಯಿಡೀ ಒಣಗಲಿ. ಮರುದಿನ ವಾಶನ್ನು ರಿವೆಟ್ಟಿನ ಬುಡಕ್ಕೆ ಕುಂಚದ ತುದಿಯಿಂದ ಮುಟ್ಟಿಸಿದರೆ ಸಾಕು, ತಾನೇ ಗೆರೆ ಹಿಡಿದು ಓಡುತ್ತದೆ. ಹೆಚ್ಚಾದದ್ದನ್ನು ವೈಟ್ ಸ್ಪಿರಿಟ್ (ಎನಾಮೆಲ್ ಕರಗಿಸುವ ದ್ರವ) ತಾಕಿಸಿದ ಹತ್ತಿಕಡ್ಡಿಯಿಂದ ಮೇಲಿನಿಂದ ಕೆಳಕ್ಕೆ ಎಳೆಯಿರಿ. ಸಮಯ ಉಳಿಸಬೇಕಿದ್ದರೆ ಮೂಲಬಣ್ಣದ್ದೇ ಪ್ರೈಮರ್ (ಮೊದಲ ಪದರದ ಬಣ್ಣ) ಸ್ಪ್ರೇ ಬಳಸಿ, 1:72 ಅಳತೆಯ (ನಿಜಗಾತ್ರದ 72ನೇ ಒಂದು ಭಾಗದ) ಮೂರು ಟ್ಯಾಂಕ್‌ಗಳನ್ನು ಒಟ್ಟಿಗೆ ಹಿಡಿಯಿರಿ. ಇನ್ನೊಂದು: ನಿಮ್ಮ ಬರಹದ ಚಿತ್ರದಲ್ಲಿ 1942ರ ಸ್ಟಾಲಿನ್‌ಗ್ರಾಡ್ ಕದನದ ಪ್ಯಾಂಜರ್‌ಗೆ (ಜರ್ಮನ್ ಟ್ಯಾಂಕಿಗೆ) ಕಡು ಹಳದಿ ಬಳಿದಿದ್ದೀರಿ. ಆ ಮೂಲಬಣ್ಣದ ಆದೇಶ ಬಂದದ್ದು 1943ರ ಫೆಬ್ರುವರಿಯಲ್ಲಿ. ಅಲ್ಲಿಗೆ ಕಡು ಬೂದು ಬೇಕು.